ಸ್ಟೇನ್‌ಲೆಸ್ ಮೇಲೆ ಅಲ್ಯೂಮಿನೈಸಿಂಗ್: ಮೊದಲು ಶಾಟ್ ಹೊಡೆಸಬೇಕಾ, ಬೇಡವಾ?

ಮುಂಡರಗಿ_ಶೆಡ್:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಸುತ್ತಲಿನ ಸ್ಪಂಜ್ ಐರನ್ ಕಿಲ್ನ್‌ಗಳಿಗೆ (ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸಿ ಕಬ್ಬಿಣ ಮಾಡುವ ಕುಲುಮೆಗಳಿಗೆ) ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕವಚ ಕೊಳವೆ ಮತ್ತು ಒಳಗಾಳಿ ಕೊಳವೆ ಮಾಡಿಕೊಡುತ್ತೇವೆ. ಎಲ್ಲಾ 310 ಗ್ರೇಡ್ ಸ್ಟೇನ್‌ಲೆಸ್ ಉಕ್ಕು. ಅದರ ಮೇಲೆ ಅಲ್ಯೂಮಿನೈಸಿಂಗ್, ಅಂದರೆ ಅಲ್ಯೂಮಿನಿಯಂ ಲೋಹದೊಳಗೆ ಇಳಿದು ಹರಡುವ ಡಿಫ್ಯೂಷನ್ ಕೋಟಿಂಗ್ ಮಾಡಿಸಲು ಹೊರಗಿನ ಒಂದು ಕಡೆ ಜಾಬ್ ವರ್ಕ್ ಕೊಡುತ್ತೇವೆ. ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಸುಮಾರು 950 ಡಿಗ್ರಿಯಲ್ಲಿ ಕಾಯಿಸುವ ಪ್ಯಾಕ್ ವಿಧಾನ.

ಸಮಸ್ಯೆ ಏನೆಂದರೆ, ವಾಪಸ್ ಬಂದ ಕೊಳವೆಯನ್ನು ಕತ್ತರಿಸಿ ನೋಡಿದರೆ ಪದರ ಒಂದೇ ಸಮ ಇಲ್ಲ. ನಡುವೆ ದಪ್ಪ, ಒಂದು ತುದಿಯಲ್ಲಿ ತೆಳು, ವೆಲ್ಡಿಂಗ್ ಪಕ್ಕದಲ್ಲಿ ಅಲ್ಲಲ್ಲಿ ಪದರವೇ ಇಲ್ಲ. ಕೇಳಿದರೆ, "ನೀವು ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ಜೋರಾಗಿ ಹೊಡೆದು ಮೇಲ್ಮೈ ಜಜ್ಜುವುದು) ಮಾಡಿಸಿ ತನ್ನಿ, ಕೋಟಿಂಗ್ ಎರಡರಷ್ಟು ಆಳ ಇಳಿಯುತ್ತದೆ" ಎನ್ನುತ್ತಾರೆ. ಇದು ನಿಜವಾ? ಮುಂದೆ ನಾವೇ ಒಂದು ಸಣ್ಣ ಕುಲುಮೆ ಹಾಕಿಕೊಳ್ಳುವ ಆಲೋಚನೆಯೂ ಇದೆ. ಹಣ ಹಾಕುವ ಮೊದಲು ವಿಷಯ ಸರಿಯಾಗಿ ತಿಳಿಯಬೇಕು. ಬಲ್ಲವರು ಹೇಳಿ.

ಗಿಣಿಗೇರಾ_ಕಿಲ್ನ್:
ಅಣ್ಣಾ, ನಾನು ಕೊಪ್ಪಳ ಕಡೆ ಕಿಲ್ನ್ ಮೇಂಟೆನೆನ್ಸ್‌ನಲ್ಲಿ ಇದ್ದೇನೆ. ಒಳಗೆ 1000 ಡಿಗ್ರಿ ಆಸುಪಾಸು, ಸುತ್ತ ಕಲ್ಲಿದ್ದಲಿನ ಚಾರ್ (ಉರಿದು ಉಳಿದ ಇದ್ದಿಲು), ಅದರಲ್ಲಿ ಗಂಧಕ. ಬರೀ 310 ಕೊಳವೆ ಇಂಗಾಲ ಕುಡಿದು ಗಡುಸಾಗಿ, ಹೊರಗೆ ತೆಗೆಯುವಾಗಲೇ ಪಟ್ ಅಂತ ಮುರಿದದ್ದು ನೋಡಿದ್ದೇನೆ. ಕೋಟಿಂಗ್ ಚೆನ್ನಾಗಿರುವ ಕೊಳವೆಗೆ ಬಾಳಿಕೆ ಜಾಸ್ತಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಪದರ ಬಿಟ್ಟುಹೋದ ಜಾಗ ಬೆರಳಗಲ ಇದ್ದರೂ ಸಾಕು, ಅಲ್ಲಿಂದಲೇ ತೂತು ಬೀಳುತ್ತದೆ. ಹಾಗಾಗಿ ನಮಗೆ ಬೇಕಿರುವುದು ಜಾಸ್ತಿ ಆಳ ಅಲ್ಲ, ಎಲ್ಲೂ ಬಿಡದೆ ಒಂದೇ ಸಮ ಇರುವ ಪದರ. ಮೊದಲು ಅದನ್ನು ಕೇಳಿ.

ಸಂಡೂರು_ಮೆಟಲರ್ಜಿ:
ಗಿಣಿಗೇರಾದವರ ಮಾತು ಸರಿ. ಈಗ ಶಾಟ್ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

"ಶಾಟ್ ಹೊಡೆದರೆ ಆಳ ಇಳಿಯುತ್ತದೆ" ಎನ್ನುವ ಮಾತಿನಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿವೆ. ಒಂದು, ಮೇಲಿನ ಕೊಳೆ ತೆಗೆಯುವುದು. ಇನ್ನೊಂದು, ಮೇಲ್ಪದರದ ಲೋಹವನ್ನೇ ಜಜ್ಜಿ ಅದರ ಒಳರಚನೆ ಬದಲಿಸುವುದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಹಣ ಸುಮ್ನೆ ಹಾಳು.

ಮೊದಲು ಕೊಳೆಯ ವಿಷಯ. ಸ್ಟೇನ್‌ಲೆಸ್ ತುಕ್ಕು ಹಿಡಿಯದೇ ಇರುವುದು ಅದರ ಮೇಲಿರುವ ಕ್ರೋಮಿಯಂ ಆಕ್ಸೈಡ್ ಪೊರೆಯಿಂದ. ಕೆಲವೇ ನ್ಯಾನೋಮೀಟರ್ ದಪ್ಪ. ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಕಣ ಹೊಡೆಯುವುದು) ಮಾಡಿದರೆ ಅದು ಹೋಗುತ್ತದೆ ನಿಜ, ಆದರೆ ಗಾಳಿ ತಾಗಿದ ತಕ್ಷಣ ಮತ್ತೆ ಕೂತುಬಿಡುತ್ತದೆ. ಹಾಗಾಗಿ ಆ ಪೊರೆಯನ್ನು ಬ್ಲಾಸ್ಟಿಂಗ್‌ನಿಂದ ಗೆಲ್ಲಲು ಆಗುವುದಿಲ್ಲ. ಪ್ಯಾಕ್‌ನಲ್ಲಿ ಅದನ್ನು ಮುರಿಯುವುದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಾದಾಗ ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಆ ಅನಿಲ ಪುಡಿಯಲ್ಲಿರುವ ಅಲ್ಯೂಮಿನಿಯಂ ಅನ್ನು ಕ್ಲೋರೈಡ್ ಮಾಡಿ ಹೊತ್ತು ತಂದು ಕೊಳವೆಯ ಮೇಲೆ ಇಳಿಸುತ್ತದೆ. ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ನವಸಾಗರ ಉಜ್ಜುತ್ತಾರಲ್ವಾ, ಅದೇ ಪದಾರ್ಥ.

ಆದರೆ ವೆಲ್ಡಿಂಗ್ ಪಕ್ಕದ ನೀಲಿ-ಕಂದು ಬಣ್ಣದ ಸುಟ್ಟ ಪದರ, ಸ್ಕೇಲ್ (ಆಕ್ಸೈಡ್ ಚಕ್ಕೆ), ಸ್ಪ್ಯಾಟರ್ (ವೆಲ್ಡಿಂಗ್ ಮಾಡುವಾಗ ಸಿಡಿದ ಲೋಹದ ಹನಿ), ಒಣಗಿದ ಕಟಿಂಗ್ ಆಯಿಲ್ ಇವೆಲ್ಲ ಆ ತೆಳು ಪೊರೆಯ ಜಾತಿಯವಲ್ಲ. ಅವು ದಪ್ಪ. ಅನಿಲಕ್ಕೆ ಅವನ್ನು ದಾಟಲು ಆಗುವುದಿಲ್ಲ. ನಿಮ್ಮ ವೆಲ್ಡಿಂಗ್ ಪಕ್ಕದ ಖಾಲಿ ಜಾಗಕ್ಕೆ ಹೆಚ್ಚು ಮಟ್ಟಿಗೆ ಇದೇ ಕಾರಣ. ಇಲ್ಲಿ ಚೂಪು ಕಣದ ಗ್ರಿಟ್ ಬ್ಲಾಸ್ಟಿಂಗ್ ಖಂಡಿತ ಬೇಕು.

ಒಂದು ತುದಿಯಲ್ಲಿ ತೆಳು ಎಂದಿರಲ್ಲ, ಅದಕ್ಕೆ ಶಾಟ್ ಪರಿಹಾರ ಅಲ್ಲ. ಅದು ಕುಲುಮೆಯ ಬಾಗಿಲ ಕಡೆ ಬಿಸಿ ಕಡಿಮೆ ಇರುವುದರಿಂದ ಇರಬೇಕು, ಇಲ್ಲವೇ ಪುಡಿ ಸರಿಯಾಗಿ ತುಂಬದ್ದರಿಂದ. ಪೆಟ್ಟಿಗೆಯೊಳಗೆ ಎರಡು ತುದಿಗೂ ಥರ್ಮೋಕಪಲ್ ಇಟ್ಟು ನೋಡಲು ಹೇಳಿ. ಥರ್ಮೋಕಪಲ್ ಕವಚ ಮಾಡುವ ನಿಮಗೆ ಅದೇನು ಕಷ್ಟವಲ್ಲ.

ಮುಂಡರಗಿ_ಶೆಡ್:
ಮೇಡಂ, ತುಂಬಾ ಉಪಕಾರ ಆಯಿತು. ಎರಡನೇ ವಿಷಯ, ಲೋಹ ಜಜ್ಜುವುದು, ಅದನ್ನೂ ಬಿಡಿಸಿ ಹೇಳಿ. ಎರಡರಷ್ಟು ಆಳ ಎನ್ನುವುದಕ್ಕೆ ಆಧಾರ ಇದೆಯಾ?

ಸಂಡೂರು_ಮೆಟಲರ್ಜಿ:
ಆಧಾರ ಇದೆ. ಆದರೆ ಅದು ಎಲ್ಲಾ ಉಷ್ಣತೆಗೂ ಅನ್ವಯಿಸುವುದಿಲ್ಲ.

ಡಿಫ್ಯೂಷನ್‌ನಲ್ಲಿ ಆಳ ಸಮಯದ ವರ್ಗಮೂಲದ ಪ್ರಕಾರ ಬೆಳೆಯುತ್ತದೆ. 6 ಗಂಟೆಗೆ 60 ಮೈಕ್ರಾನ್ ಬಂದರೆ 120 ಮೈಕ್ರಾನ್‌ಗೆ 12 ಗಂಟೆ ಸಾಲದು, 24 ಗಂಟೆ ಬೇಕು. ಅದಕ್ಕೇ ಎಲ್ಲರೂ ವೇಗ ಹೆಚ್ಚಿಸುವ ದಾರಿ ಹುಡುಕುತ್ತಾರೆ.

304, 310, 316 ಈ ಸ್ಟೇನ್‌ಲೆಸ್ ಗ್ರೇಡ್‌ಗಳೆಲ್ಲ ಆಸ್ಟೆನೈಟ್ ಜಾತಿಯವು. ಆಸ್ಟೆನೈಟ್ ಎಂದರೆ ಉಕ್ಕಿನಲ್ಲಿ ಪರಮಾಣುಗಳು ಜೋಡಿಸಿಕೊಳ್ಳುವ ಒಂದು ಬಗೆ. ಇದರಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಜಾಗದ ಶೇ. 74 ತುಂಬಿರುತ್ತದೆ. ಇನ್ನೊಂದು ಬಗೆಯ ಜೋಡಣೆಯಾದ ಫೆರೈಟ್‌ನಲ್ಲಿ ಶೇ. 68. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ, ಆದರೆ ಒಂದೇ ಉಷ್ಣತೆಯಲ್ಲಿ ಫೆರೈಟ್‌ನೊಳಗೆ ಕಬ್ಬಿಣದ ಪರಮಾಣು ಚಲಿಸುವ ವೇಗ ಆಸ್ಟೆನೈಟ್‌ಗಿಂತ ಸುಮಾರು ನೂರು ಪಟ್ಟು ಜಾಸ್ತಿ. ಸ್ಟೇನ್‌ಲೆಸ್‌ನಲ್ಲಿ ಕೋಟಿಂಗ್ ನಿಧಾನ ಆಗುವುದಕ್ಕೆ ಇದು ದೊಡ್ಡ ಕಾರಣ.

ಈಗ ಮೇಲ್ಮೈಗೆ ಗುಂಡು ಹೊಡೆದಾಗ ಏನಾಗುತ್ತದೆ? ಒಂದು, ಹರಳುಗಳ ಒಳಗೆ ಸಾಲು ತಪ್ಪಿದ ಜಾಗಗಳು ಸಾವಿರಾರು ಹುಟ್ಟುತ್ತವೆ. ಜೋರಾಗಿ, ಜಾಸ್ತಿ ಹೊತ್ತು ಹೊಡೆದರೆ ದೊಡ್ಡ ಹರಳು ಒಡೆದು ಚಿಕ್ಕ ಚಿಕ್ಕ ಹರಳಾಗುತ್ತದೆ. ಹರಳು ಚಿಕ್ಕದಾದಷ್ಟೂ ಅಂಚುಗಳು ಜಾಸ್ತಿ. ಪರಮಾಣುಗಳು ಹರಳಿನ ನಡುವಿಗಿಂತ ಅಂಚಿನಲ್ಲಿ ಎಷ್ಟೋ ಪಾಲು ವೇಗವಾಗಿ ಓಡುತ್ತವೆ. ಎರಡು, 304 ಆದರೆ ಏಟು ತಿಂದ ಪದರದ ಒಂದು ಭಾಗ ಮಾರ್ಟೆನ್ಸೈಟ್ ಎಂಬ ಗಡುಸು ರೂಪಕ್ಕೆ ತಿರುಗುತ್ತದೆ. ಅದರ ಜೋಡಣೆ ಫೆರೈಟ್‌ನ ಹಾಗೇ ಸಡಿಲ. ಅಲ್ಲೂ ದಾರಿ ಸಲೀಸು.

ಇದರ ಅತಿ ಗಟ್ಟಿ ಪುರಾವೆ 2003ರದ್ದು. ಚೀನಾದ ಶೆನ್‌ಯಾಂಗ್‌ನ ಲೋಹ ಸಂಶೋಧನಾ ಸಂಸ್ಥೆಯವರು ಶುದ್ಧ ಕಬ್ಬಿಣದ ತಟ್ಟೆಯನ್ನು ಉಕ್ಕಿನ ಗುಂಡುಗಳಿಂದ ಚೆನ್ನಾಗಿ ಜಜ್ಜಿ, ಮೇಲ್ಪದರದ ಹರಳುಗಳನ್ನು ನ್ಯಾನೋಮೀಟರ್ ಅಳತೆಗೆ ಇಳಿಸಿದರು. ಆಮೇಲೆ ಅಮೋನಿಯಾ ಅನಿಲದಲ್ಲಿ 300 ಡಿಗ್ರಿಗೆ 9 ಗಂಟೆ ಕಾಯಿಸಿದರು. ನೈಟ್ರೈಡ್ (ಸಾರಜನಕ ಕಬ್ಬಿಣದೊಳಗೆ ಸೇರಿ ಆಗುವ ಗಡುಸು) ಪದರ ಬಂತು. ಸಾಮಾನ್ಯವಾಗಿ ಇದಕ್ಕೆ 500 ಡಿಗ್ರಿಗಿಂತ ಮೇಲೆ ಬೇಕು. ಲೋಹ ಅದೇ, ಅನಿಲ ಅದೇ. ಬದಲಾದದ್ದು ಮೇಲ್ಪದರ ಮಾತ್ರ. ಇದನ್ನು ಓದಿದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಆದರೆ ನೋಡಿ, ಅಲ್ಲಿ 300 ಡಿಗ್ರಿ. ನಿಮ್ಮಲ್ಲಿ 950. ಜಜ್ಜಿದ ಲೋಹವನ್ನು ಕಾಯಿಸಿದರೆ ಅದು ತಾನೇ ಸರಿಹೋಗುತ್ತದೆ. 304ರ ಮಾರ್ಟೆನ್ಸೈಟ್ ಸುಮಾರು 500ರಿಂದ 700 ಡಿಗ್ರಿಯೊಳಗೆ ಮತ್ತೆ ಆಸ್ಟೆನೈಟ್ ಆಗಿಬಿಡುತ್ತದೆ. ಇನ್ನೂ ಮೇಲೆ ಹೋದಂತೆ ಹೊಸ ಹರಳು ಹುಟ್ಟಿ ಬೆಳೆಯುತ್ತವೆ. ಪೆಟ್ಟಿಗೆ ದೊಡ್ಡದು, ಪುಡಿ ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. 950 ಮುಟ್ಟಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ನೀವು ಹಣ ಕೊಟ್ಟು ಮಾಡಿಸಿದ ಏಟಿನ ಬಹುಪಾಲು ಅಳಿಸಿಹೋಗಿರುತ್ತದೆ. ಉಳಿಯುವುದು ಸ್ವಲ್ಪ ಚಿಕ್ಕ ಹರಳು, ಶುರುವಿನಲ್ಲಿ ಪದರ ಹೆಚ್ಚು ಸಮನಾಗಿ ಹಿಡಿಯುವ ಅನುಕೂಲ. ಎರಡರಷ್ಟು ಆಳ ಸಿಗುತ್ತದೆ ಎಂದು ನಂಬಿ ಹಣ ಕೊಡಬೇಡಿ.

ಹಂಪಿ_ಡಿಪ್ಲೊಮಾ:
ಮೇಡಂ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಮಾರ್ಟೆನ್ಸೈಟ್ ಆಗಿದೆಯೋ ಇಲ್ಲವೋ ಲ್ಯಾಬ್ ಇಲ್ಲದೆ ತಿಳಿಯಬಹುದಾ?

ಸಂಡೂರು_ಮೆಟಲರ್ಜಿ:
ಅಯಸ್ಕಾಂತ ಸಾಕು ತಮ್ಮಾ. ಅನೀಲ್ ಮಾಡಿದ (ಕಾಯಿಸಿ ಮೆತ್ತಗೆ ಮಾಡಿದ) 304 ಹಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲ. ಅದನ್ನು ಬಗ್ಗಿಸಿದ ಮೂಲೆಗೆ, ಇಲ್ಲವೇ ಜೋರಾಗಿ ಶಾಟ್ ಹೊಡೆದ ಮುಖಕ್ಕೆ ಇಟ್ಟು ನೋಡು, ಸ್ವಲ್ಪ ಎಳೆಯುತ್ತದೆ. ಆದರೆ 310ರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅದರಲ್ಲಿ ನಿಕ್ಕಲ್ ಸುಮಾರು ಶೇ. 20 ಇದೆ, ಎಷ್ಟು ಹೊಡೆದರೂ ಆಸ್ಟೆನೈಟ್ ಆಗಿಯೇ ಉಳಿಯುತ್ತದೆ. ಮುಂಡರಗಿಯವರು ಇದನ್ನೂ ಗಮನಿಸಿ. 304ಕ್ಕೆ ಸಿಗುವ ಆ ಎರಡನೇ ಲಾಭ ನಿಮ್ಮ 310 ಕೊಳವೆಗೆ ಶುರುವಿನಿಂದಲೇ ಇಲ್ಲ.

ಇನ್ನೊಂದು ಮಾತು. ಉಕ್ಕಿನ ಶಾಟ್‌ನಿಂದ ಹೊಡೆದಿದ್ದರೆ, ಮೇಲೆ ಸಿಕ್ಕಿಕೊಂಡ ಕಬ್ಬಿಣದ ಚೂರಿಗೂ ಅಯಸ್ಕಾಂತ ಎಳೆಯುತ್ತದೆ. ಅದನ್ನು ಮಾರ್ಟೆನ್ಸೈಟ್ ಅಂದುಕೊಂಡು ಮೋಸ ಹೋಗಬೇಡ.

ಕೌಲ್‌ಬಜಾರ್_ಬ್ಲಾಸ್ಟರ್:
ಬ್ಲಾಸ್ಟಿಂಗ್ ನನ್ನ ಹೊಟ್ಟೆಪಾಡು. ಅದಕ್ಕೇ ನಾಲ್ಕು ಮಾತು.

ಸ್ಟೇನ್‌ಲೆಸ್‌ಗೆ ಕಾರ್ಬನ್ ಸ್ಟೀಲ್ ಶಾಟ್ ಅಥವಾ ಗ್ರಿಟ್ ಮುಟ್ಟಿಸಬೇಡಿ. ಕಬ್ಬಿಣದ ಕಣ ಒಳಗೆ ನಾಟಿಕೊಂಡು ಮಳೆಗಾಲದಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಬಿಳಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಗ್ರಿಟ್, ಗ್ಲಾಸ್ ಬೀಡ್, ಇಲ್ಲವೇ ಸ್ಟೇನ್‌ಲೆಸ್ ಶಾಟ್ ಬಳಸಿ. ಹಿಂದೆ ಮೈಲ್ಡ್ ಸ್ಟೀಲ್‌ಗೆ ಬಳಸಿದ ಗ್ರಿಟ್ ಅನ್ನೇ ಜರಡಿ ಹಿಡಿದು ಸ್ಟೇನ್‌ಲೆಸ್‌ಗೆ ಹೊಡೆಯುವವರು ಇದ್ದಾರೆ. ನೀವೇ ನಿಂತು ನೋಡಿ, ಹೊಸ ಚೀಲ ಬಿಚ್ಚಿಸಿ. ವೈರ್ ಬ್ರಷ್ ಕೂಡ ಸ್ಟೇನ್‌ಲೆಸ್ ತಂತಿಯದೇ ಇರಲಿ.

ಗ್ರಿಟ್ ಮತ್ತು ಶಾಟ್ ಒಂದೇ ಅಲ್ಲ. ಗ್ರಿಟ್ ಚೂಪು, ಕೆರೆದು ತೆಗೆಯುತ್ತದೆ. ಶಾಟ್ ಗುಂಡಗೆ, ಜಜ್ಜುತ್ತದೆ. ಕೊಳೆ ತೆಗೆಯಲು ಗ್ರಿಟ್, ಪೀನಿಂಗ್‌ಗೆ ಶಾಟ್. ಪೀನಿಂಗ್ ಮಾಡಿದ್ದೇವೆ ಎಂದು ಯಾರಾದರೂ ಬಿಲ್ ಕೊಟ್ಟರೆ ಆಲ್ಮೆನ್ ಪಟ್ಟಿ ತೋರಿಸಿ ಎಂದು ಕೇಳಿ. ಅದು 76 ಮಿಲಿಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಸ್ಪ್ರಿಂಗ್ ಉಕ್ಕಿನ ಪಟ್ಟಿ. ಒಂದೇ ಮುಖಕ್ಕೆ ಹೊಡೆದಾಗ ಅದು ಬಿಲ್ಲಿನಂತೆ ಬಾಗುತ್ತದೆ. ಆ ಬಾಗು ಅಳೆದರೆ ಏಟಿನ ಜೋರು ಗೊತ್ತಾಗುತ್ತದೆ. ಹೊಡೆಯುವ ಸಮಯ ಎರಡರಷ್ಟು ಮಾಡಿದರೂ ಬಾಗು ಶೇ. 10ಕ್ಕಿಂತ ಜಾಸ್ತಿ ಏರದಿದ್ದರೆ ಸ್ಯಾಚುರೇಷನ್ ಬಂತು, ಅಂದರೆ ಬೇಕಾದಷ್ಟು ಏಟು ಪೂರ್ತಿ ಬಿದ್ದಿದೆ ಎಂದರ್ಥ. ಪಟ್ಟಿ ಎಂದರೇನು ಎಂದು ಕೇಳುವವರಿಗೆ ಪೀನಿಂಗ್ ಹಣ ಕೊಡಬೇಡಿ.

ಕೊನೆಗೆ ಇದನ್ನು ಎಲ್ಲರೂ ಓದಬೇಕು. ಹೊಳೆ ಮರಳಿನಿಂದ ಬ್ಲಾಸ್ಟಿಂಗ್ ಮಾಡಿಸಬೇಡಿ. ತುಂಗಭದ್ರೆಯ ಮರಳು ಅಗ್ಗಕ್ಕೆ ಸಿಗುತ್ತದೆ ಎಂದು ಶೆಡ್ಡುಗಳಲ್ಲಿ ಇನ್ನೂ ಬಳಸುತ್ತಾರೆ. ಒಡೆದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿ ಆಗುವ ಕಾಯಿಲೆ ಅಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಅದು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಬ್ರಿಟನ್‌ನಲ್ಲಿ 1949ರ ನಿಯಮದಿಂದಲೇ ಮರಳಿನ ಬ್ಲಾಸ್ಟಿಂಗ್ ನಿಲ್ಲಿಸಿದರು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಏನೂ ಉಪಯೋಗ ಇಲ್ಲ. ನನ್ನ ಜೊತೆ ಕೆಲಸ ಕಲಿತವರು ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಡುವುದನ್ನು ನೋಡಿದ್ದೇನೆ. ಹೊರಗಿನ ಗಾಳಿ ಕೊಡುವ ಹೆಲ್ಮೆಟ್, ಮುಚ್ಚಿದ ಕ್ಯಾಬಿನೆಟ್, ಗಾರ್ನೆಟ್ ಅಥವಾ ಅಲ್ಯೂಮಿನಾ. ಖರ್ಚು ಜಾಸ್ತಿ ಎನ್ನುವ ಗಿರಾಕಿಯನ್ನು ನಾನು ವಾಪಸ್ ಕಳಿಸುತ್ತೇನೆ.

ಗಿಣಿಗೇರಾ_ಕಿಲ್ನ್:
ಅಣ್ಣಾ, ಈ ಮಾತಿಗೆ ಕೈಮುಗಿಯುತ್ತೇನೆ. ನಮ್ಮ ಕಡೆ ಹುಡುಗರಿಗೆ ಇದನ್ನು ಹೇಳುವವರೇ ಇಲ್ಲ.

ರಾಯಚೂರು_ಶಾಫ್ಟ್:
ವಿಷಯಕ್ಕೆ ಹತ್ತಿರದ್ದೇ ಒಂದು ಪ್ರಶ್ನೆ. ಇಲ್ಲಿನ ಔಷಧಿ ಕಾರ್ಖಾನೆಗಳ ಕಲಕು ಯಂತ್ರಕ್ಕೆ 316 ಶಾಫ್ಟ್ ಮಾಡಿಕೊಡುತ್ತೇನೆ. ಸೀಲ್ ಕೂರುವ ಜಾಗ ಬೇಗ ಸವೆಯುತ್ತದೆ ಎಂದು ಒಂದು ಕಡೆ ಗ್ಯಾಸ್ ನೈಟ್ರೈಡಿಂಗ್ (ಅನಿಲದಲ್ಲಿ ಕಾಯಿಸಿ ಲೋಹಕ್ಕೆ ಸಾರಜನಕ ಇಳಿಸುವುದು) ಮಾಡಿಸಿದೆವು. ಚೆನ್ನಾಗಿ ಗಡುಸಾಯಿತು. ಆದರೆ ಆಸಿಡ್ ಹವೆಗೆ ಕಂದು ಬಣ್ಣ ತಿರುಗಿ ತುಕ್ಕು ಹಿಡಿಯಿತು. ಸ್ಟೇನ್‌ಲೆಸ್‌ಗೆ ತುಕ್ಕಾ? ಗಿರಾಕಿ ನಕಲಿ ಮಾಲು ಎಂದು ಜಗಳಕ್ಕೆ ಬಂದರು.

ಸಂಡೂರು_ಮೆಟಲರ್ಜಿ:
ಎಷ್ಟು ಡಿಗ್ರಿಯಲ್ಲಿ ಮಾಡಿದರು?

ರಾಯಚೂರು_ಶಾಫ್ಟ್:
ಚೀಟಿಯಲ್ಲಿ 520 ಎಂದಿದೆ.

ಸಂಡೂರು_ಮೆಟಲರ್ಜಿ:
ಮಾಲು ಅಸಲಿಯೇ ಸರ್. ಉಷ್ಣತೆ ಜಾಸ್ತಿ ಆಗಿದೆ. ಸುಮಾರು 450 ಡಿಗ್ರಿ ದಾಟಿದರೆ ಒಳಗೆ ಹೋದ ಸಾರಜನಕ ಕ್ರೋಮಿಯಂ ಅನ್ನು ಹಿಡಿದುಕೊಂಡು ಕ್ರೋಮಿಯಂ ನೈಟ್ರೈಡ್ ಆಗುತ್ತದೆ. ಪೊರೆ ಕಟ್ಟಲು ಬೇಕಾದ ಕ್ರೋಮಿಯಂ ಅಲ್ಲೇ ಖರ್ಚಾಗಿಬಿಡುತ್ತದೆ. ಗಡಸುತನ ಬಂತು, ಸ್ಟೇನ್‌ಲೆಸ್ ಗುಣ ಹೋಯಿತು.

450ಕ್ಕಿಂತ ಕೆಳಗೆ ಮಾಡಿದರೆ ಸಾರಜನಕ ಆಸ್ಟೆನೈಟ್‌ನೊಳಗೇ ಕರಗಿ ನಿಲ್ಲುತ್ತದೆ. ಎಸ್-ಫೇಸ್ ಎನ್ನುತ್ತಾರೆ. ಗಡುಸೂ ಇರುತ್ತದೆ, ತುಕ್ಕೂ ಹಿಡಿಯುವುದಿಲ್ಲ. ತೊಂದರೆ ಎಂದರೆ ಆ ಉಷ್ಣತೆಯಲ್ಲಿ ಪದರ ಬಹಳ ನಿಧಾನವಾಗಿ ಬೆಳೆಯುತ್ತದೆ. ಶಾಟ್ ಪೀನಿಂಗ್‌ಗೆ ನಿಜವಾದ ಬೆಲೆ ಬರುವುದು ಇಲ್ಲೇ! 400-450 ಡಿಗ್ರಿಯಲ್ಲಿ ಏಟು ತಿಂದ ಪದರ ಅಳಿಸಿಹೋಗುವುದಿಲ್ಲ. ಆ ಅಂಚುಗಳು, ಆ ಸಾಲು ತಪ್ಪಿದ ಜಾಗಗಳು ಕೊನೆಯವರೆಗೂ ಸಾರಜನಕಕ್ಕೆ ದಾರಿ ಕೊಡುತ್ತವೆ.

ಒಂದು ಎಚ್ಚರಿಕೆ. ಅದೇ ದಾರಿಗಳಲ್ಲಿ ಕ್ರೋಮಿಯಂ ಕೂಡ ಬೇಗ ಓಡಾಡುತ್ತದೆ. ಜೋರಾಗಿ ಜಜ್ಜಿದ ಪದರದಲ್ಲಿ ನೈಟ್ರೈಡ್ ಹುಟ್ಟುವ ಉಷ್ಣತೆ ಇನ್ನೂ ಕೆಳಗೆ ಇಳಿಯಬಹುದು. ಪೀನಿಂಗ್ ಮಾಡಿದ ಶಾಫ್ಟ್ ಅನ್ನು 450ರ ಗಡಿಗೆ ತಾಗಿಸಿ ಓಡಿಸಬೇಡಿ, 400ರ ಹತ್ತಿರ ಇರಲಿ. ಸೀಲ್ ಕೂರುವ ಜಾಗಕ್ಕೆ ನಯ ಬೇಕು, ಹಾಗಾಗಿ ಶಾಟ್ ಆದಮೇಲೆ ಹಗುರಾಗಿ ಪಾಲಿಶ್ ಮಾಡಿಸಿ. ಜಾಸ್ತಿ ಉಜ್ಜಿದರೆ ಜಜ್ಜಿದ ಪದರವೇ ಹೋಗುತ್ತದೆ. ಪ್ಲಾಸ್ಮಾ ನೈಟ್ರೈಡಿಂಗ್ (ಅನಿಲವನ್ನು ವಿದ್ಯುತ್ತಿನಿಂದ ಅಯಾನು, ಅಂದರೆ ವಿದ್ಯುತ್ ಹೊತ್ತ ಕಣಗಳಾಗಿ ಮಾಡುವ ವಿಧಾನ) ಇರುವ ಕಡೆ ಕೇಳಿ. ಅದರಲ್ಲಿ ಅಯಾನುಗಳೇ ಬಂದು ಆ ಆಕ್ಸೈಡ್ ಪೊರೆಯನ್ನು ಕಿತ್ತುಹಾಕುತ್ತವೆ.

ಶಕ್ತಿನಗರ_ಬಾಯ್ಲರ್:
ನಾನು ಬಾಯ್ಲರ್ ಕಡೆಯವನು. ಕೋಟಿಂಗ್ ಪುಡಿ ಇಲ್ಲದೆಯೇ ಪೀನಿಂಗ್ ಕೆಲಸ ಮಾಡುವ ಒಂದು ಉದಾಹರಣೆ ಇದೆ. ದೊಡ್ಡ ಬಾಯ್ಲರ್‌ಗಳ ಸೂಪರ್‌ಹೀಟರ್, ರೀಹೀಟರ್‌ಗಳಲ್ಲಿ (ಉಗಿಯನ್ನು ಇನ್ನಷ್ಟು ಕಾಯಿಸುವ ಭಾಗಗಳಲ್ಲಿ) ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುವ ಸ್ಟೇನ್‌ಲೆಸ್ ಜಾತಿಯ ಟ್ಯೂಬ್ ಬಳಸುತ್ತಾರೆ. ಒಳಗೆ ಉಗಿ ಹರಿದು ಹರಿದು ಆಕ್ಸೈಡ್ ಪದರ ದಪ್ಪ ಆಗುತ್ತದೆ. ಯೂನಿಟ್ ನಿಲ್ಲಿಸಿ ತಣ್ಣಗಾದಾಗ ಅದು ಚಕ್ಕೆ ಚಕ್ಕೆಯಾಗಿ ಉದುರಿ ಕೆಳಗಿನ ಬಾಗಿನಲ್ಲಿ ಗುಡ್ಡೆ ಬೀಳುತ್ತದೆ. ಮತ್ತೆ ಶುರು ಮಾಡಿದಾಗ ಉಗಿಗೆ ದಾರಿ ಇಲ್ಲ. ಟ್ಯೂಬ್ ಕಾದು ಒಡೆಯುತ್ತದೆ. ಉದುರಿದ ಚಕ್ಕೆ ಟರ್ಬೈನ್ ತನಕ ಹೋದರೆ ಬ್ಲೇಡೂ ಸವೆಯುತ್ತದೆ.

ಇದಕ್ಕೆ ಟ್ಯೂಬ್‌ನ ಒಳಮೈಗೆ ಶಾಟ್ ಹೊಡೆಯುವ ಪದ್ಧತಿ ಇದೆ. ಜಜ್ಜಿದ ಪದರದ ಮೂಲಕ ಕ್ರೋಮಿಯಂ ಬೇಗ ಮೇಲೆ ಬಂದು ತೆಳುವಾದ, ಗಟ್ಟಿಯಾದ ಕ್ರೋಮಿಯಂ ಆಕ್ಸೈಡ್ ಕಟ್ಟುತ್ತದೆ. ಆಮೇಲೆ ಉಗಿಯಲ್ಲಿ ಆಕ್ಸೈಡ್ ಬೆಳೆಯುವುದು ಬಹಳ ನಿಧಾನ. ಅಲ್ಲಿ ಲೋಹದ ಬಿಸಿ ಸುಮಾರು 600-650 ಡಿಗ್ರಿ, ಅದಕ್ಕೇ ಏಟಿನ ಗುಣ ಉಳಿಯುತ್ತದೆ. ಬಗ್ಗಿಸಿದ ಮೇಲೆ ಸೊಲ್ಯೂಷನ್ ಅನೀಲಿಂಗ್ (ಬಹಳ ಹೆಚ್ಚು ಬಿಸಿಗೆ ಕಾಯಿಸಿ ಬೇಗ ತಣಿಸುವುದು) ಮಾಡಿದರೆ ಮಾತ್ರ ಅದು ಪೂರ್ತಿ ಹೋಗುತ್ತದೆ, ಮತ್ತೆ ಹೊಡೆಸಬೇಕು. ವೆಲ್ಡಿಂಗ್ ಪಕ್ಕದಲ್ಲೂ ಅಷ್ಟೇ. ಮೇಡಂ ಹೇಳಿದ ಬಿಸಿಯ ಲೆಕ್ಕ ಇಲ್ಲೂ ಹಾಗೇ ಕೂರುತ್ತದೆ.

ಹಂಪಿ_ಡಿಪ್ಲೊಮಾ:
ಹಾಗಾದರೆ ಅಲ್ಯೂಮಿನೈಸಿಂಗ್ ಅನ್ನೂ 600 ಡಿಗ್ರಿಯಲ್ಲಿ ಮಾಡಬಾರದೇಕೆ? ಆಗ ಪೀನಿಂಗ್ ಲಾಭ ಉಳಿಯುತ್ತದಲ್ವಾ?

ಸಂಡೂರು_ಮೆಟಲರ್ಜಿ:
ಬಹಳ ಒಳ್ಳೆಯ ಪ್ರಶ್ನೆ. ಮಾಡುತ್ತಾರೆ. ಮೊದಲೇ ಜಜ್ಜಿದ ಉಕ್ಕಿನ ಮೇಲೆ ಕಡಿಮೆ ಬಿಸಿಯ ಪ್ಯಾಕ್ ಅಲ್ಯೂಮಿನೈಸಿಂಗ್ ಕುರಿತು ಸಂಶೋಧನೆ ಸಾಕಷ್ಟು ನಡೆದಿದೆ. ಪದರ ದಪ್ಪ ಬರುತ್ತದೆ. ಆದರೆ ಕಡಿಮೆ ಬಿಸಿಯಲ್ಲಿ ಅಲ್ಯೂಮಿನಿಯಂ ಮೇಲೆಯೇ ಗುಂಪಾಗಿ, ಕಬ್ಬಿಣದ ಎರಡು ಪರಮಾಣುವಿಗೆ ಅಲ್ಯೂಮಿನಿಯಂನ ಐದು ಇರುವ ಸಂಯುಕ್ತ ಕಟ್ಟುತ್ತದೆ. ಅದು ಗಾಜಿನಷ್ಟು ಪೆಡಸು. ಕಿಲ್ನ್‌ನಲ್ಲಿ ಕಲ್ಲು, ಅದಿರು ತಾಗಿದರೆ ಬಿರುಕು ಬಿಡುತ್ತದೆ. 950ರಲ್ಲಿ ಅಲ್ಯೂಮಿನಿಯಂ ಒಳಗೆ ಹರಡಿ, ಸ್ವಲ್ಪ ಮೆತ್ತಗಿನ, ಅಲ್ಯೂಮಿನಿಯಂ ಕಡಿಮೆ ಇರುವ ಪದರ ಬರುತ್ತದೆ. ಪುಡಿಯಲ್ಲಿ ಶುದ್ಧ ಅಲ್ಯೂಮಿನಿಯಂ ಬದಲು ಕಬ್ಬಿಣ-ಅಲ್ಯೂಮಿನಿಯಂ ಅಥವಾ ಕ್ರೋಮಿಯಂ-ಅಲ್ಯೂಮಿನಿಯಂ ಮಿಶ್ರಲೋಹ ಬಳಸುವುದೂ ಇದಕ್ಕೇ. ಕಿಲ್ನ್ ಕೆಲಸಕ್ಕೆ ಹೆಚ್ಚಿನ ಬಿಸಿಯೇ ಸರಿ.

ಮುಂಡರಗಿ_ಶೆಡ್:
ಈಗ ಚಿತ್ರ ಸ್ಪಷ್ಟ ಆಯಿತು. ಪೀನಿಂಗ್ ಬಿಡುತ್ತೇನೆ. ಅಲ್ಯೂಮಿನಾ ಗ್ರಿಟ್‌ನಿಂದ ಪೂರ್ತಿ ಬ್ಲಾಸ್ಟಿಂಗ್, ವೆಲ್ಡಿಂಗ್ ಪಕ್ಕದಲ್ಲಿ ಜಾಸ್ತಿ ಗಮನ. ಕೆಲಸದ ಕ್ರಮ ಹೇಗಿರಬೇಕು?

ಕೌಲ್‌ಬಜಾರ್_ಬ್ಲಾಸ್ಟರ್:
ಎಣ್ಣೆ ಮೊದಲು ತೊಳೆಯಿರಿ, ಬ್ಲಾಸ್ಟಿಂಗ್ ಆಮೇಲೆ. ಎಣ್ಣೆ ಇರುವಾಗಲೇ ಹೊಡೆದರೆ ಗ್ರಿಟ್ ಅದನ್ನು ಒಳಗೆ ತುರುಕುತ್ತದೆ, ಗ್ರಿಟ್ ಕೂಡ ಕೆಡುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಇರಬಾರದು. ನಾಜಲ್ ಮುಂದೆ ಬಿಳಿ ಬಟ್ಟೆ ಹಿಡಿದು ನೋಡಿ, ಕಲೆ ಬಿದ್ದರೆ ಫಿಲ್ಟರ್ ಬದಲಿಸಿ. ಒತ್ತಡ ವಿಪರೀತ ಇಡಬೇಡಿ, ಅಲ್ಯೂಮಿನಾ ಚೂರು ಲೋಹದಲ್ಲಿ ನಾಟಿಕೊಳ್ಳುತ್ತದೆ. ನಾಟಿದ ಜಾಗದಲ್ಲಿ ಕೋಟಿಂಗ್ ಹಿಡಿಯುವುದಿಲ್ಲ. ನಾಜಲ್ ಅನ್ನು ನೇರ ಹಿಡಿಯದೆ ಸ್ವಲ್ಪ ಓರೆ ಹಿಡಿದರೆ ನಾಟುವುದು ಕಡಿಮೆ. ಮುಗಿದ ಮೇಲೆ ಒಣ ಗಾಳಿ ಊದಿ, ಅಸಿಟೋನ್‌ನಿಂದ ಒರೆಸಿ, ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಪೆಟ್ಟಿಗೆಗೆ ತುಂಬಿ. ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಬೆವರು ಸುರಿಯುತ್ತದೆ, ಬೆವರಿನ ಉಪ್ಪು ಕೂಡ ಕಲೆ ಬಿಡುತ್ತದೆ. ಕೈಗವಸು ಕಡ್ಡಾಯ.

ಸಂಡೂರು_ಮೆಟಲರ್ಜಿ:
ಇದಕ್ಕೆ ಒಂದೇ ಸೇರಿಸುತ್ತೇನೆ. ಪ್ರತಿ ಪೆಟ್ಟಿಗೆಯಲ್ಲಿ ಅದೇ 310ರ ಮೂರು ಚಿಕ್ಕ ತುಂಡು ಇಡಿ. ಬಾಗಿಲ ಕಡೆ ಒಂದು, ನಡುವೆ ಒಂದು, ಹಿಂದೆ ಒಂದು. ಹಾಕುವ ಮೊದಲು, ತೆಗೆದ ಮೇಲೆ ಚಿನ್ನದಂಗಡಿಯವರ ತಕ್ಕಡಿಯಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಅಲ್ಯೂಮಿನಿಯಂ ಎಷ್ಟು ಹಿಡಿದಿದೆ ಎಂದು ತೂಕವೇ ಹೇಳುತ್ತದೆ. ಮೂರರಲ್ಲೂ ಹೆಚ್ಚಿದ ತೂಕ ಒಂದೇ ಸಮ ಇದ್ದರೆ ಕುಲುಮೆ ಸರಿ ಇದೆ. ಒಂದೊಂದು ತುಂಡನ್ನು ಅರ್ಧ ಬ್ಲಾಸ್ಟ್ ಮಾಡಿ, ಅರ್ಧ ಹಾಗೇ ಬಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ಕತ್ತರಿಸಿ, ಪಾಲಿಶ್ ಮಾಡಿ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೈಕ್ರೋಸ್ಕೋಪ್‌ನಲ್ಲಿ ನೋಡಿ.

ಮುಂಡರಗಿ_ಶೆಡ್:
ಖಂಡಿತ ಮಾಡುತ್ತೇನೆ ಮೇಡಂ. ಕೊನೆಯದಾಗಿ, ಕೋಟಿಂಗ್ ಆದಮೇಲೆ ಮೇಲೆ ಅಂಟಿದ ಪುಡಿ ತೆಗೆಯಲು ಬ್ಲಾಸ್ಟ್ ಮಾಡಬಹುದಾ?

ಸಂಡೂರು_ಮೆಟಲರ್ಜಿ:
ಬೇಡ. ಪದರ ಪೆಡಸು, ಗ್ರಿಟ್ ಏಟಿಗೆ ಚಕ್ಕೆ ಏಳುತ್ತದೆ. ನೈಲಾನ್ ಬ್ರಷ್ ಹಾಕಿ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಎರಡು ಸಲ ನೀರು ಬದಲಿಸಿ, ಒಲೆಯಲ್ಲಿ ಒಣಗಿಸಿ. ಕ್ಲೋರೈಡ್ ಉಳಿದರೆ ಸ್ಟೋರ್‌ನಲ್ಲಿ ಇಟ್ಟಲ್ಲೇ ಕೊಳವೆಗೆ ಚುಕ್ಕೆ ಚುಕ್ಕೆ ತೂತು ಶುರುವಾಗುತ್ತದೆ. ಪೆಟ್ಟಿಗೆ ಬಿಚ್ಚುವುದು ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಂತು.